ಬಾಳೆ ನಾರಿನ ಚೀಲ ಮಾರುವ ಮೊದಲು ನಿಮ್ಮ ಕೂಲಿಗೊಂದು ಬೆಲೆ ಕಟ್ಟಿ

ಗೊನೆ ಕಡಿದಾದ ಮೇಲೆ ಬಾಳೆ ಕಂಬವನ್ನು ಏನು ಮಾಡ್ತೀರಿ? ಹೆಚ್ಚಿನವರು ತುಂಡು ಮಾಡಿ ಬುಡಕ್ಕೇ ಹಾಕ್ತಾರೆ, ಕೆಲವರು ಬದುವಿಗೆ ಎಸೀತಾರೆ. ಆದರೆ ಮೊಬೈಲ್ ತೆರೆದರೆ ಸಾಕು, ಅದೇ ಕಂಬದಿಂದ ಚೀಲ, ಚಾಪೆ, ಬುಟ್ಟಿ, ಟೋಪಿ ಮಾಡೋ ವಿಡಿಯೊಗಳು ಸಾಲು ಸಾಲಾಗಿ ಬರ್ತವೆ. ಮೇಲೆ ‘ಕಸದಿಂದ ರಸ’, ‘ಮನೆಯಲ್ಲೇ ಕೂತು ಸಾವಿರಾರು ರೂಪಾಯಿ’ ಅನ್ನೋ ತಲೆಬರಹ ಬೇರೆ. ನೋಡಿದವರಿಗೆ ‘ನಾವೂ ಯಾಕೆ ಮಾಡಬಾರದು?’ ಅನ್ನಿಸೋದು ಸಹಜ.

ಖಂಡಿತ ಮಾಡಿ. ಆದರೆ ಆ ವಿಡಿಯೊಗಳಲ್ಲಿ ಒಂದು ಲೆಕ್ಕ ಸಾಮಾನ್ಯವಾಗಿ ಇರೋದೇ ಇಲ್ಲ. ಒಂದು ಚೀಲ ಮಾಡೋಕೆ ಎಷ್ಟು ಗಂಟೆ ಹಿಡೀತು, ಆ ಗಂಟೆಗಳಿಗೆ ಎಷ್ಟು ಸಿಕ್ಕಿತು? ಈ ಪ್ರಶ್ನೆಗೆ ಉತ್ತರ ಇಲ್ಲದೆ ಶುರು ಮಾಡಿದ ಕೈಕೆಲಸ ನಷ್ಟದಲ್ಲೇ ನಡೆಯುತ್ತೆ, ನಷ್ಟ ಅಂತ ಗೊತ್ತಾಗೋದು ಮಾತ್ರ ತಡವಾಗಿ.

ಆನೆಗೊಂದಿಯಲ್ಲಿ ಆಗಿದ್ದೇನು?

ಕೊಪ್ಪಳ ಜಿಲ್ಲೆಯ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಎಂಬ ಸಂಸ್ಥೆ ಹಳ್ಳಿಯ ಹೆಣ್ಣುಮಕ್ಕಳಿಗೆ ಬಾಳೆ ನಾರಿನ ಕೆಲಸ ಕಲಿಸಿದೆ. ಇಂಥ ಕೆಲಸಕ್ಕೆ ದೊಡ್ಡ ಯಂತ್ರವೇ ಬೇಕು ಅಂತೇನಿಲ್ಲ. ಕಂಬದ ಹೊರಗಿನ ಪಟ್ಟೆ ಬಿಡಿಸಿ, ಸೀಳಿ, ಒಣಗಿಸಿ, ಸ್ವಲ್ಪ ತೇವ ಮಾಡಿ ಹುರಿ ಹೊಸೆದರೆ ಆಯ್ತು. ಆ ಹುರಿಯಿಂದಲೇ ಚೀಲ, ಚಾಪೆ ಹೆಣೆಯಬಹುದು.

ಇದನ್ನು ನೋಡಿ ನಮ್ಮೂರಲ್ಲೂ ಹಾಗೇ ಆಗುತ್ತೆ ಅಂದ್ಕೊಳ್ಳೋ ಮೊದಲು ಎರಡು ವಿಷಯ ಗಮನಿಸಿ. ಒಂದು, ಅಲ್ಲಿ ಕಲಿಸೋಕೆ, ವಿನ್ಯಾಸ ತಿದ್ದೋಕೆ ಜನ ಇದ್ದರು. ಎರಡು, ಹೊಳೆ ದಾಟಿದರೆ ಹಂಪಿ, ದೇಶ ವಿದೇಶದ ಪ್ರವಾಸಿಗರು ಬರೋ ಜಾಗ. ಬಾಳೆ ತೋಟ ನಮ್ಮಲ್ಲೂ ಇದೆ ನಿಜ, ಆದರೆ ಕೊಳ್ಳೋರು ಎಲ್ಲಿದ್ದಾರೆ ಅನ್ನೋದನ್ನ ಮೊದಲು ಹುಡುಕಬೇಕು.

ಕೂಲಿ ಲೆಕ್ಕ ಹೀಗೆ ಹಾಕಿ

ಲೆಕ್ಕಕ್ಕೆ ಅಂತ ಒಂದು ಚೀಲ ಇಟ್ಟುಕೊಳ್ಳೋಣ. ಹುರಿ ಹೊಸೆದು, ಹೆಣೆದು, ಒಳಗೆ ಬಟ್ಟೆ ಹೊಲಿದು ಮುಗಿಸೋಕೆ 5 ಗಂಟೆ. ಬಟ್ಟೆ, ಜಿಪ್, ದಾರ, ಓಡಾಟ ಎಲ್ಲ ಸೇರಿ 80 ರೂಪಾಯಿ. ನೀವು ಮಾರಿದ್ದು 200ಕ್ಕೆ. ಕೈಯಲ್ಲಿ ಉಳಿದಿದ್ದು 120, ಅಂದ್ರೆ ಗಂಟೆಗೆ 24 ರೂಪಾಯಿ. 8 ಗಂಟೆ ದುಡಿದರೆ 192.

2025–26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದ್ರೆ ಕಾಲುವೆ ಹೂಳು ತೆಗೆದರೆ ಸಿಗ್ತಿದ್ದ ಕೂಲಿಯಲ್ಲಿ ಹೆಚ್ಚುಕಮ್ಮಿ ಅರ್ಧ. ಅದೇ 370ನ್ನು ಅಳತೆಗೋಲು ಮಾಡಿಕೊಂಡರೆ 5 ಗಂಟೆಗೆ ಸುಮಾರು 230 ರೂಪಾಯಿ ಕೂಲಿ, ಖರ್ಚು 80, ಒಟ್ಟು 310. ಇದಕ್ಕಿಂತ ಕಡಿಮೆಗೆ ಮಾರೋ ಹಾಗಿಲ್ಲ. ಅಂಗಡಿಯವರ ಕಮಿಷನ್, ಕೊರಿಯರ್ ಇದ್ದರೆ ಅದೂ ಮೇಲೆ ಸೇರಬೇಕು. ಆ ಬೆಲೆಗೆ ಗಿರಾಕಿ ಸಿಗಲಿಲ್ಲ ಅಂದ್ರೆ ವಸ್ತು ಬದಲಿಸಿ, 1 ಗಂಟೆಯಲ್ಲಿ ಮುಗಿಯೋದು ನೋಡಿ. ಕೂಲಿ ಮಾತ್ರ ಬಿಟ್ಟುಕೊಡಬೇಡಿ.

‘ಮನೆಯವರು ಖಾಲಿ ಕೂತಿರ್ತಾರೆ, ಅದಕ್ಕೂ ಕೂಲಿನಾ?’ ಅಂತ ಕೇಳೋರಿದ್ದಾರೆ. ನಾನು ಒಪ್ಪದೇ ಇರೋದು ಇದನ್ನೇ. ಹಾಲು ಕರೆದು, ಅಡುಗೆ ಮಾಡಿ, ಕಳೆ ಕಿತ್ತು ಬಂದ ಅಮ್ಮನೋ ಹೆಂಡತಿಯೋ ರಾತ್ರಿ ಕೂತು ಹೆಣೆದರೆ ಅದು ಖಾಲಿ ಹೊತ್ತಲ್ಲ, ನಿದ್ದೆಯ ಹೊತ್ತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಹಾಕಿದ ಮಗನ ಖಾತೆಗೆ ದುಡ್ಡು ಬಂದು, ಹೆಣೆದವರ ಕೈಗೆ ಏನೂ ಬರಲಿಲ್ಲ ಅಂದ್ರೆ ಅದನ್ನ ಲಾಭ ಅಂತ ಹೇಗೆ ಹೇಳೋದು?

ಇನ್ನೊಂದು ಮಾತು. ಮೇದಾರರಂಥ ಕುಟುಂಬಗಳು ಬುಟ್ಟಿ ಹೆಣೆದೇ ಬದುಕ್ತಾ ಬಂದಿವೆ. ಜಮೀನಿರೋ ನಾವು ‘ಸುಮ್ನೆ ಟೈಮ್‌ಪಾಸ್‌ಗೆ’ ಅಂತ ಅರ್ಧ ಬೆಲೆಗೆ ಮಾರಿದರೆ ಸಂತೆಯಲ್ಲಿ ಅವರ ಬುಟ್ಟಿಯ ಬೆಲೆಯೂ ಬೀಳುತ್ತೆ.

ಪಟ್ಟೆಯೂ ಪುಕ್ಕಟೆ ಅಲ್ಲ

ಬಾಳೆ ಕಂಬದಲ್ಲಿ ಪೊಟ್ಯಾಷ್ ಚೆನ್ನಾಗಿದೆ. ಪೂರ್ತಿ ಕಂಬ ತೋಟದಿಂದ ಹೊರಗೆ ಹೋದರೆ ಅಷ್ಟು ಗೊಬ್ಬರವೂ ಹೋಯ್ತು. ಹೊರಗಿನ ಪಟ್ಟೆ ಮಾತ್ರ ತಗೊಳ್ಳಿ, ಉಳಿದದ್ದು ಮಣ್ಣಿಗೇ ಬಿಡಿ. ಒಣಗಿಸೋದಕ್ಕೆ ಬೇಸಿಗೆಯೇ ಸರಿ. ಮಳೆಗಾಲದಲ್ಲಿ ಅರೆಬರೆ ಒಣಗಿದ ಪಟ್ಟೆಗೆ ಬೂಷ್ಟು ಹಿಡಿಯುತ್ತೆ. ಗಿರಾಕಿ ಮನೆಗೆ ಹೋದ ಮೇಲೆ ಬೂಷ್ಟು ಕಂಡರೆ ಅವರು ಮತ್ತೆ ನಿಮ್ಮ ಹತ್ತಿರ ಬರಲ್ಲ.

ಯಂತ್ರಕ್ಕೆ ಅವಸರ ಬೇಡ

‘ನಮ್ಮ ಮೆಷಿನ್ ತಗೊಳ್ಳಿ, ನೀವು ಮಾಡಿದ ಮಾಲೆಲ್ಲ ನಾವೇ ವಾಪಸ್ ಕೊಳ್ತೀವಿ’ ಅನ್ನೋ ಜಾಹೀರಾತು ಕಂಡರೆ ಹುಷಾರು. ಮೆಷಿನ್ ಮಾರಿ ಮುಗಿದ ಮೇಲೆ ಮಾಲಿನಲ್ಲಿ ಹುಳುಕು ಹುಡುಕೋರು, ಫೋನ್ ಎತ್ತದೇ ಇರೋರು ಬೇಕಾದಷ್ಟಿದ್ದಾರೆ. ಒಮ್ಮೆ ಕೊಂಡ ಗಿರಾಕಿಯೇ ಎರಡನೇ ಸಲ ಕೇಳಿಕೊಂಡು ಬರೋವರೆಗೆ ಸಾಲ ಬೇಡ.

ಕಲಿಯೋಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಬ್ಯಾಂಕುಗಳು ನಡೆಸೋ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಜಿಲ್ಲೆಗಳಲ್ಲಿವೆ, ಊಟ ವಸತಿ ಸಮೇತ ಉಚಿತ. ಇವಕ್ಕೆ ಮಾದರಿಯಾಗಿದ್ದೇ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ. ಯಾವ ತರಬೇತಿ ಯಾವಾಗ ಅಂತ ಫೋನ್ ಮಾಡಿ ಕೇಳಿ. 2023ರಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ, ಚಾಪೆ ಹೆಣೆಯೋದೂ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಆದರೆ ಅದು ಈಗಾಗಲೇ ಆ ಕಸುಬು ಮಾಡ್ತಿರೋರಿಗೆ, ಹೊಸಬರಿಗಲ್ಲ.

ಹಾಗಾದರೆ ಎಲ್ಲಿಂದ ಶುರು? ಒಂದೇ ವಸ್ತು ಆರಿಸಿ, 10 ಮಾಡಿ. ಪ್ರತಿಯೊಂದಕ್ಕೂ ಮೊಬೈಲ್‌ನ ಸ್ಟಾಪ್‌ವಾಚ್ ಒತ್ತಿ, ಸಮಯ ಬರೆದಿಡಿ. ಬೆಳಗಿನ ಬೆಳಕಲ್ಲಿ, ಉದ್ದ ಅಗಲ ನಮೂದಿಸಿ ಫೋಟೊ ಹಾಕಿ. ಪೂರ್ತಿ ಬೆಲೆ ಹೇಳಿ. ನೆಂಟರಿಗೆ ಪುಕ್ಕಟೆ ಕೊಟ್ಟಿದ್ದು ಮಾರಾಟದ ಲೆಕ್ಕಕ್ಕೆ ಬರಲ್ಲ. 10ರಲ್ಲಿ 6 ಪೂರ್ತಿ ಬೆಲೆಗೆ ಗುರುತಿಲ್ಲದವರ ಕೈಗೆ ಹೋದರೆ ಮುಂದುವರಿಸಿ. ಹೋಗಲಿಲ್ಲವೋ, ಒಂದಿಷ್ಟು ಪಟ್ಟೆ, ನಾಲ್ಕಾರು ದಿನ ಹೋಯ್ತು ಅಷ್ಟೇ, ಸಾಲವಂತೂ ತಲೆ ಮೇಲಿಲ್ಲ.