ಡಬ್ಬಿಯ ಮೇಲಿನ ಇಂಗ್ಲಿಷನ್ನು ಓದಿಸಿ: ಉಪನಿರ್ದೇಶಕರಿಗೊಂದು ಬಹಿರಂಗ ಪತ್ರ

ಇವರಿಗೆ,
ಉಪನಿರ್ದೇಶಕರು,
ಶಾಲಾ ಶಿಕ್ಷಣ ಇಲಾಖೆ, ತುಮಕೂರು.

ಮಾನ್ಯರೇ,

ತುಮಕೂರು, ಮಧುಗಿರಿ ಎಂದು ನಮ್ಮ ಜಿಲ್ಲೆಯಲ್ಲಿ ಎರಡು ಶೈಕ್ಷಣಿಕ ಜಿಲ್ಲೆಗಳು. ಗುಬ್ಬಿ, ಕುಣಿಗಲ್ ಎರಡೂ ನಿಮ್ಮ ಪಾಲಿಗೆ ಬರುತ್ತವೆ. ಆ ಎರಡು ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರು ನಾನು. ಕೇಳಿಕೊಳ್ಳುವುದು ಒಂದೇ: ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಪದಗಳ ಅರ್ಥ ಹೇಳುವ ರೀತಿ ಬದಲಾಗಬೇಕು.

2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂತು. 2019-20ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಶುರುವಾದವು. ಬೇಕೋ ಬೇಡವೋ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ. ಅರ್ಥ ಹೇಳುವ ಕ್ರಮವಂತೂ ನಾನು ಓದುವಾಗ ಹೇಗಿತ್ತೋ ಬಹಳ ಕಡೆ ಈಗಲೂ ಹಾಗೇ ಇದೆ. ಬೋರ್ಡಿನ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಗೈಡಿನಿಂದ ಇಳಿಸಿದ ಕನ್ನಡ ಪದ, ಐದೈದು ಸಲ ಬರೆದುಕೊಂಡು ಬಾ. ಹುಡುಗಿಯೊಬ್ಬಳ ನೋಟ್‌ಬುಕ್ಕಿನಲ್ಲಿ ‘ಎಕ್ಸ್‌ಪೈರಿ’ಗೆ ‘ಅವಧಿ ಸಮಾಪ್ತಿ’ ಎಂದು ದುಂಡಗೆ ಬರೆದಿತ್ತು. ಅವಧಿ ಎಂದರೇನಮ್ಮ ಎಂದು ಕೇಳಿದರೆ ಮಗು ನೆಲ ನೋಡಿತು. ‘ಈ ತಾರೀಕು ದಾಟಿದ ಮೇಲೆ ಈ ಮಾತ್ರೆ ನುಂಗಬಾರದು’ ಎಂದು ಹೇಳಿಕೊಟ್ಟಿದ್ದರೆ ಅವತ್ತೇ ಮನೆಗೆ ಹೋಗಿ ಅಜ್ಜಿಯ ಮಾತ್ರೆಗಳನ್ನೆಲ್ಲ ತಿರುಗಿಸಿ ನೋಡುತ್ತಿದ್ದಳು.

ನಮ್ಮ ಮಕ್ಕಳೇನೂ ಇಂಗ್ಲಿಷಿಗೆ ಹೊಸಬರಲ್ಲ. ಬೋರು, ಕೇಸಿಂಗು, ಸ್ಟಾರ್ಟರು, ಟಿಸಿ, ಲೈನ್‌ಮನ್, ಇಷ್ಟೆಲ್ಲ ಹಾಲುಹಲ್ಲು ಬೀಳುವ ಮೊದಲೇ ಬಾಯಲ್ಲಿರುತ್ತದೆ. ಒಮ್ಮೆ ‘ಫೇಸ್ ಎಂದರೆ ಮುಖ’ ಎಂದು ಹೇಳಿ ಮುಂದಿನ ಪದಕ್ಕೆ ಹೋಗುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದ: ‘ಮತ್ತೆ ತ್ರೀ ಫೇಸು ಸಾ? ರಾತ್ರಿ ಹನ್ನೆರಡಕ್ಕೆ ಬತ್ತೈತಲ್ಲ?’ ತರಗತಿಯೆಲ್ಲ ನಕ್ಕಿತು. ಆ ವರ್ಷ ನನ್ನ ಪಾಠದಲ್ಲಿ ಯಾರಾದರೂ ಕೇಳಿದ ಒಳ್ಳೆಯ ಪ್ರಶ್ನೆ ಅದೇ. ಅವೆರಡೂ ಬೇರೆ ಬೇರೆ ಪದ, ಬರೆಯುವ ಅಕ್ಷರ ಬೇರೆ, ಕೊನೆಯ ಸದ್ದೂ ಬೇರೆ. ನಮ್ಮ ಬಾಯಲ್ಲಿ ಒಂದಾಗಿಬಿಟ್ಟಿವೆ. ಕುಣಿಗಲ್ಲಿನ ಮಗುವಿಗೆ ಫಾರಂ ಎಂದರೆ ಮೊದಲು ಕುದುರೆ ಫಾರಂ, ಆಮೇಲೆ ಕೋಳಿ ಫಾರಂ, ಅದಾದ ಮೇಲೆ ನಾಡಕಚೇರಿಯಲ್ಲಿ ತುಂಬುವ ಫಾರಂ. ಗುಬ್ಬಿಯ ಹಳಬರಿಗೆ ಕಂಪನಿ ಎಂದರೆ 1884ರಲ್ಲಿ ಹುಟ್ಟಿದ ನಾಟಕದ ಕಂಪನಿ. ಮೊಮ್ಮಕ್ಕಳಿಗೆ ವಸಂತನರಸಾಪುರದಲ್ಲಿ ಅಪ್ಪ ಶಿಫ್ಟಿಗೆ ಹೋಗುವ ಜಾಗ. ಇವನ್ನು ಬಿಡಿಸಿ ಹೇಳಲು ಗೈಡು ಬೇಕಿಲ್ಲ, ಊರು ಗೊತ್ತಿದ್ದರೆ ಸಾಕು.

ಇದೆಲ್ಲ ನಗುತ್ತ ಹೇಳುವ ಮಾತಾಯಿತು. ನಗಲಾಗದ ಒಂದು ಮಾತಿದೆ.

ನಮ್ಮ ಕಡೆ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ‘ಔಷಧಿ’ ಎನ್ನುತ್ತೇವೆ. ಕೆಮ್ಮಿಗೆ ಕುಡಿಯುವುದೂ ಔಷಧಿ, ಹುಳಕ್ಕೆ ಹೊಡೆಯುವುದೂ ಔಷಧಿ. ಎಷ್ಟೋ ಮನೆಗಳಲ್ಲಿ ಆ ಡಬ್ಬಿ ಇರುವುದು ಮಕ್ಕಳ ಕೈಗೆಟುಕುವ ಮೂಲೆಯಲ್ಲೇ. ಅದರ ಮೇಲೆ ವಜ್ರಾಕಾರದ ಗುರುತೊಂದಿರುತ್ತದೆ: ಕೆಳಗಿನ ಅರ್ಧಕ್ಕೆ ಬಣ್ಣ, ಮೇಲಿನ ಅರ್ಧದಲ್ಲಿ ಪದ. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು, ಹಳದಿಗೆ ‘ಪಾಯ್ಸನ್’, ನೀಲಿಗೆ ‘ಡೇಂಜರ್’, ಹಸಿರಿಗೆ ‘ಕಾಷನ್’. ಕೆಂಪಿನದಕ್ಕೆ ತಲೆಬುರುಡೆಯ ಚಿತ್ರವೂ ಉಂಟು. ಮನೆಮಂದಿಯೆಲ್ಲ ಔಷಧಿ ಎನ್ನುವುದನ್ನು ವಿಷ ಎಂದು ನೇರವಾಗಿ ಕರೆಯುವುದು ‘ಪಾಯ್ಸನ್’ ಎಂಬ ಆ ಇಂಗ್ಲಿಷ್ ಪದ. ಕನ್ನಡಾಭಿಮಾನಿಯಾದ ನನಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವೇ, ಆದರೂ ನಿಜ.

ಈ ಪದಗಳಿಗೆ ವಿಷ, ಅಪಾಯ, ಎಚ್ಚರಿಕೆ ಎಂದು ಗೈಡಿನ ಹಾಗೆ ಬರೆಸಿದರೆ ಮಕ್ಕಳು ಪರೀಕ್ಷೆಯಲ್ಲಿ ಪಾಸಾಗುತ್ತಾರೆ. ಆದರೆ ಬಿ.ಎಚ್. ರಸ್ತೆಯ ಸಿಗ್ನಲ್ಲಿನಲ್ಲಿ ಹಸಿರು ಎಂದರೆ ಹೋಗಬಹುದು ಎಂದು ಕಲಿತ ಮಗು ಹಸಿರು ಗುರುತಿನ ಡಬ್ಬಿಯನ್ನು ಹೇಗೆ ನೋಡುತ್ತದೆ? ‘ಹಸಿರಿದ್ದರೂ ಇದು ವಿಷದ ಜಾತಿಗೇ ಸೇರಿದ್ದು, ಉಳಿದವಕ್ಕಿಂತ ಕಡಿಮೆ ಅಷ್ಟೆ, ಮುಟ್ಟಬಾರದು, ಮೂಸಬಾರದು, ಖಾಲಿಯಾದ ಡಬ್ಬಿಯಲ್ಲಿ ನೀರು ತುಂಬಬಾರದು’ ಎಂದು ವಾಕ್ಯದಲ್ಲೇ ಹೇಳಬೇಕು, ಅದೂ ಕನ್ನಡದಲ್ಲಿ. ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕನ್ನಡ ಆಡಿದರೆ ತಪ್ಪಾದೀತೆಂಬ ಅಳುಕು ನಮ್ಮ ಎಷ್ಟೋ ಶಿಕ್ಷಕರಿಗಿದೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀ. ‘ಇಂಗ್ಲಿಷ್ ಗೀತಗಳು’ ಮಾಡಿ ಆ ಭಾಷೆಯ ಕವಿತೆಯನ್ನೇ ಕನ್ನಡದಲ್ಲಿ ಹೇಳಿದರು. ಅವರು ಹುಟ್ಟಿದ್ದು ನಮ್ಮ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಅವರಿಗಿಲ್ಲದ ಸಂಕೋಚ ನಮಗ್ಯಾಕೆ?

ನಿಮ್ಮಿಂದ ಆಗಬೇಕಾದದ್ದಕ್ಕೆ ದುಡ್ಡು ಖರ್ಚಿಲ್ಲ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಪ್ರತಿ ಶಾಲೆಯವರೂ ತಮ್ಮೂರಿನ ಅಂಗಡಿ, ಬಸ್ಸು, ಪಂಪ್‌ಹೌಸು, ಆಸ್ಪತ್ರೆಯಲ್ಲಿ ಮಕ್ಕಳ ಕಣ್ಣಿಗೆ ಬೀಳುವ ಇಂಗ್ಲಿಷ್ ಪದಗಳನ್ನು ಬರೆದು ತರಲಿ. ಒಂದೊಂದಕ್ಕೂ ಮಗುವಿಗೆ ತಿಳಿಯುವಂಥ ವಾಕ್ಯ ಅಲ್ಲೇ ಕೂತು ಕಟ್ಟಲಿ. ಶಾಲಾ ಭೇಟಿಗೆ ಹೋದ ಅಧಿಕಾರಿಗಳು ಸ್ಪೆಲಿಂಗ್ ಕೇಳುವ ಮೊದಲು ‘ಈ ಪದ ಎಲ್ಲಿ ನೋಡಿದ್ದೀಯ ಮರಿ?’ ಎಂದು ಕೇಳಲಿ. ಇದೊಂದು ಆದರೆ ಉಳಿದದ್ದು ತಾನಾಗಿ ಆಗುತ್ತದೆ. ಸುತ್ತೋಲೆಗಿಂತ ಇನ್‌ಸ್ಪೆಕ್ಷನ್ನಿಗೆ ಹೆದರುವ ಜನ ನಾವು.

ಇನ್ನೊಂದು ಮಾತು. ಪಾಠಕ್ಕೆಂದು ಯಾರೂ ಆ ಡಬ್ಬಿಗಳನ್ನು ತರಗತಿಗೆ ತರಿಸದಂತೆ ದಯವಿಟ್ಟು ಹೇಳಿ, ತೊಳೆದದ್ದಾದರೂ ಬೇಡ. ನಾಲ್ಕು ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೇ ಬರೆಯಬಹುದು.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು, ತುಮಕೂರು