ಬಾಡಿಗೆ ಬರಲಿಲ್ಲ ಅನ್ನೋದಲ್ಲ, ಜಾಸ್ತಿ ಬಂತು ಅನ್ನೋದೇ ಭಯ: ವಿದೇಶಿಯರಿಗೆ ರೂಮ್ ಕೊಡುವ ಮುನ್ನ

ಮೈಸೂರು: ಚಳಿಗಾಲ ಬಂತೆಂದರೆ ಗೋಕುಲಂ ರಸ್ತೆಗಳಲ್ಲಿ ಯೋಗ ಮ್ಯಾಟ್ ಹೆಗಲಿಗೇರಿಸಿಕೊಂಡ ವಿದೇಶಿಯರು ಕಾಣಿಸಿಕೊಳ್ಳೋದು ಹೊಸದೇನಲ್ಲ. ಪಟ್ಟಾಭಿ ಜೋಯಿಸರು 2002ರಲ್ಲಿ ಲಕ್ಷ್ಮೀಪುರಂನಿಂದ ಯೋಗಶಾಲೆಯನ್ನು ಇಲ್ಲಿಗೆ ತಂದ ಮೇಲೆ ಈ ಬಡಾವಣೆಯ ಬಾಡಿಗೆ ಲೆಕ್ಕಾಚಾರವೇ ಬದಲಾಯಿತು. ಬರುವವರು ಇರೋದು ಒಂದು ತಿಂಗಳು, ಹೆಚ್ಚೆಂದರೆ ಎರಡು ಮೂರು ತಿಂಗಳು. 11 ತಿಂಗಳ ಅಗ್ರಿಮೆಂಟು, ದೊಡ್ಡ ಅಡ್ವಾನ್ಸು ಅವರಿಗೆ ಹೊಂದಲ್ಲ. ಹಾಗಾಗಿ ಸ್ವಂತ ಮನೆಯವರ ಜೊತೆಗೆ, ಮನೆಯನ್ನು ಬಾಡಿಗೆಗೋ ಭೋಗ್ಯಕ್ಕೋ ಹಿಡಿದು ಅದರಲ್ಲೊಂದು ರೂಮನ್ನು ಒಳಬಾಡಿಗೆಗೆ ಕೊಡುವವರೂ ಇದ್ದಾರೆ.

ಇವರಲ್ಲಿ ಹೆಚ್ಚಿನವರಿಗೆ ಇರೋದು ಒಂದೇ ಆತಂಕ: ಫಾರಿನ್‌ನವರು ದುಡ್ಡು ಕೊಡದೆ ಹೋಗಿಬಿಟ್ಟರೆ? ಆದರೆ ದುಡ್ಡು ಬರದಿದ್ದರೆ ಹೋಗೋದು ಒಂದು ತಿಂಗಳ ಬಾಡಿಗೆ ಅಷ್ಟೇ. ನಿಜವಾಗಿ ಮನೆಯವರನ್ನು ಮುಳುಗಿಸೋದು ಲೆಕ್ಕಕ್ಕಿಂತ ಜಾಸ್ತಿ ಬಂದ ದುಡ್ಡು.

ಅದು ಹೇಗೆ ಅನ್ನೋದಕ್ಕೆ ಒಂದು ಉದಾಹರಣೆ ನೋಡಿ. ರೂಮಿನ ಬಾಡಿಗೆ 30 ಸಾವಿರ ಅಂತಿಟ್ಟುಕೊಳ್ಳೋಣ. ವಿದೇಶದಿಂದ ಮೆಸೇಜ್ ಬರುತ್ತೆ, 'ಮುಂದಿನ ತಿಂಗಳು ಬರ್ತೀನಿ, ರೂಮ್ ಇರಲಿ' ಅಂತ. ನೀರು ಹೇಗೆ, ಇಂಟರ್‌ನೆಟ್ ಹೇಗೆ, ಶಾಲೆಗೆ ಎಷ್ಟು ದೂರ, ಏನೂ ಕೇಳಲ್ಲ. ಚೌಕಾಸಿಯೂ ಇಲ್ಲ. (ಗೋಕುಲಂನಲ್ಲಿ ಚೌಕಾಸಿ ಮಾಡದ ಬಾಡಿಗೆದಾರ ಸಿಕ್ಕರೆ ಮೊದಲು ಅನುಮಾನವೇ ಬರಬೇಕು.) ಎರಡು ದಿನಕ್ಕೆ ಖಾತೆಗೆ 75 ಸಾವಿರ ಬೀಳುತ್ತೆ. ಕಳಿಸಿದ್ದು ಯಾವುದೋ ಭಾರತೀಯ ಹೆಸರಿನ ಖಾತೆಯಿಂದ. 'ನನ್ನ ಫ್ರೆಂಡ್ ಕಳಿಸಿದ್ದಾನೆ, ತಪ್ಪಿ ಜಾಸ್ತಿ ಬಂದಿದೆ. 45 ಸಾವಿರ ನನ್ನ ಟ್ರಾವೆಲ್ ಏಜೆಂಟಿಗೆ ಹಾಕಿಬಿಡಿ' ಅಂತ ಇನ್ನೊಂದು ಖಾತೆಯ ನಂಬರ್ ಬರುತ್ತೆ. ದುಡ್ಡು ನಿಜವಾಗಿಯೂ ಬಂದಿದೆ, ಪಾಸ್‌ಬುಕ್ಕಲ್ಲೂ ಕಾಣ್ತಿದೆ. ಹಾಗಾಗಿ ಮರ್ಯಾದಸ್ಥರು ವಾಪಸ್ ಹಾಕೇ ಹಾಕ್ತಾರೆ.

ಬಾಡಿಗೆದಾರ ಬರೋದೇ ಇಲ್ಲ. ಕೆಲವು ದಿನಕ್ಕೆ ಎಟಿಎಂನಲ್ಲಿ ದುಡ್ಡು ಬರೋದೂ ನಿಂತುಹೋಗುತ್ತೆ. ಆ 75 ಸಾವಿರ ಬೇರೆ ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ತೆಗೆದುಕೊಂಡ ದುಡ್ಡಾಗಿರುತ್ತೆ. ಮೋಸ ಹೋದವರು 1930ಕ್ಕೆ ಫೋನ್ ಮಾಡಿದ ತಕ್ಷಣ ಆ ದುಡ್ಡು ಯಾವ್ಯಾವ ಖಾತೆ ದಾಟಿದೆ ಅಂತ ಬ್ಯಾಂಕುಗಳು ಜಾಡು ಹಿಡಿಯುತ್ತವೆ. ದಾರಿಯಲ್ಲಿ ಸಿಕ್ಕ ಖಾತೆಗಳಿಗೆ ತಡೆ ಬೀಳುತ್ತೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ ಪ್ರಕಾರ ಪೊಲೀಸರಿಗೆ ಇದಕ್ಕೆ ಅಧಿಕಾರವಿದೆ. ಕೆಲವೊಮ್ಮೆ ಆ ಮೊತ್ತಕ್ಕಷ್ಟೇ ತಡೆ, ಕೆಲವೊಮ್ಮೆ ಇಡೀ ಖಾತೆಗೇ ಬೀಗ. ಒಳಬಾಡಿಗೆ ಕೊಟ್ಟವರ ಪಾಡು ಇಲ್ಲಿ ಇನ್ನೂ ಕಷ್ಟ. ತಿಂಗಳ ಐದನೇ ತಾರೀಕಿಗೆ ಓನರ್‌ಗೆ ಬಾಡಿಗೆ ಕಟ್ಟಬೇಕಾದ್ದೂ ಅದೇ ಖಾತೆಯಿಂದ, ಮಕ್ಕಳ ಫೀಸೂ ಅದರಿಂದಲೇ. ಬ್ಯಾಂಕಿನವರು 'ಆ ರಾಜ್ಯದ ಠಾಣೆಯನ್ನೇ ಕೇಳಿ' ಅಂತ ಕೈ ತೊಳೆದುಕೊಳ್ತಾರೆ.

ಇದಕ್ಕೆ ತಡೆ ಕಷ್ಟದ್ದೇನಲ್ಲ. ಪಾಸ್‌ಪೋರ್ಟ್‌ನಲ್ಲಿರುವ ಹೆಸರೂ ದುಡ್ಡು ಕಳಿಸಿದವರ ಹೆಸರೂ ಒಂದೇ ಆಗಿರಬೇಕು. ಬೇರೆಯವರ ಖಾತೆಯಿಂದ ಬಂದರೆ, ಜಾಸ್ತಿ ಬಂದರೆ, ಆ ದುಡ್ಡನ್ನು ಮುಟ್ಟಬಾರದು. ಇನ್ನೊಂದು ಖಾತೆಗಂತೂ ಯಾವ ಕಾರಣಕ್ಕೂ ಹಾಕಬಾರದು. ಬ್ಯಾಂಕಿಗೆ ಹೋಗಿ ಬರವಣಿಗೆಯಲ್ಲಿ ಕೊಟ್ಟು, ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸಿ ಅನ್ನಬೇಕು. ಆ ಅರ್ಜಿಯ ಸೀಲು ಹಾಕಿದ ಪ್ರತಿ ಮುಂದೆ ಠಾಣೆಗೆ ಉತ್ತರ ಕೊಡುವಾಗ ಕೆಲಸಕ್ಕೆ ಬರುತ್ತೆ.

ಹಾಗಾದರೆ ನ್ಯಾಯವಾಗಿ ಬರುವ ವಿದೇಶಿಯಿಂದ ಬಾಡಿಗೆ ತೆಗೆದುಕೊಳ್ಳೋದು ಹೇಗೆ? ಅವರ ದೇಶದ ಬ್ಯಾಂಕಿನಿಂದ ನೇರವಾಗಿ ಇಲ್ಲಿನ ಖಾತೆಗೆ ಕಳಿಸೋದು ಒಳ್ಳೆಯ ದಾರಿ. ಅದಕ್ಕೆ ಬೇಕಾಗಿರೋದು ಹೆಸರು, ಖಾತೆ ನಂಬರ್, ಶಾಖೆಯ ವಿವರ ಮತ್ತು ಬ್ಯಾಂಕಿನ ಸ್ವಿಫ್ಟ್ ಕೋಡ್ ಮಾತ್ರ. ಎಟಿಎಂ ಕಾರ್ಡ್ ನಂಬರ್, ಒಟಿಪಿ ಯಾರಾದರೂ ಕೇಳಿದರೆ ಅಲ್ಲಿಗೆ ಮಾತು ನಿಲ್ಲಿಸಬಹುದು. ದುಡ್ಡು ಯಾಕೆ ಬಂತು ಅಂತ ಬ್ಯಾಂಕಿನವರು ಕೇಳಿದರೆ ಬಾಡಿಗೆ ಅಂತಲೇ ಹೇಳಬೇಕು. ನಾಚಿಕೆಪಟ್ಟು 'ಗಿಫ್ಟು' ಅಂತ ಬರೆಸಿದರೆ ಮುಂದೆ ಆದಾಯ ತೆರಿಗೆಗೆ ಲೆಕ್ಕ ಕೊಡುವಾಗ ತೊಂದರೆ. ಇನ್ನು ವಾಟ್ಸ್ಆ್ಯಪ್‌ನಲ್ಲಿ ಬರುವ 'ಟ್ರಾನ್ಸ್‌ಫರ್ ಆಗಿದೆ' ಅನ್ನೋ ಚೀಟಿಯ ಫೋಟೋ ದುಡ್ಡಲ್ಲ. ಖಾತೆಯಲ್ಲಿ ಕಂಡ ಮೇಲೇ ಬೀಗದ ಕೈ. 'ನಿಮ್ಮ ಡಾಲರ್ ರಿಸರ್ವ್ ಬ್ಯಾಂಕಿನಲ್ಲಿ ಸಿಕ್ಕಿಕೊಂಡಿದೆ, ಬಿಡಿಸಿಕೊಳ್ಳಲು ಫೀ ಕಟ್ಟಿ' ಅಂತ ಬರುವ ಇಮೇಲ್ ಪೂರ್ತಿ ಸುಳ್ಳು. ರಿಸರ್ವ್ ಬ್ಯಾಂಕ್ ಜನಸಾಮಾನ್ಯರ ಖಾತೆ ಇಟ್ಟುಕೊಳ್ಳೋದೇ ಇಲ್ಲ.

ವೆಸ್ಟರ್ನ್ ಯೂನಿಯನ್ ಥರದ ಸೇವೆ ಬಗ್ಗೆ ಒಂದು ಗೊಂದಲವಿದೆ. ರಿಸರ್ವ್ ಬ್ಯಾಂಕ್ ಅದನ್ನು ಬಿಟ್ಟಿರೋದು ಕುಟುಂಬದ ಖರ್ಚಿಗೆ ಮತ್ತು ಇಲ್ಲಿಗೆ ಬಂದಿರುವ ವಿದೇಶಿ ಪ್ರವಾಸಿಗರ ಹೆಸರಿಗೆ ಬರುವ ಹಣಕ್ಕೆ. ಅಂದರೆ ಮನೆಯವರ ಹೆಸರಿಗೆ ಬಾಡಿಗೆ ತರಿಸಿಕೊಳ್ಳೋ ದಾರಿ ಅದಲ್ಲ. ಬಂದಿರುವ ವಿದೇಶಿ ತನ್ನ ಹೆಸರಿಗೇ ತರಿಸಿಕೊಂಡು ರೂಪಾಯಿಯಲ್ಲಿ ಕೊಟ್ಟರೆ ಸರಿ. ಎಟಿಎಂನಿಂದ ತೆಗೆದು ನಗದು ಕೊಟ್ಟರೂ ತಪ್ಪಿಲ್ಲ, ರಸೀದಿ ಬರೆದುಕೊಡಬೇಕು ಅಷ್ಟೇ. ಆದರೆ ಡಾಲರ್, ಯೂರೋ ನೋಟನ್ನು ಬಾಡಿಗೆ ಅಂತ ಕೈಗೆ ತೆಗೆದುಕೊಳ್ಳದಿರೋದೇ ಒಳ್ಳೆಯದು. ಅವರೇ ಅಧಿಕೃತ ಮನಿ ಚೇಂಜರ್ ಹತ್ತಿರ ಬದಲಾಯಿಸಿ ತರಲಿ.

ಯುಪಿಐ ಮೋಸ ಇನ್ನೊಂದು. 'ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ, ಅಡ್ವಾನ್ಸ್ ಬರುತ್ತೆ' ಅಂದರೆ ದುಡ್ಡು ಹೋಗುತ್ತೆ, ಬರಲ್ಲ. ದುಡ್ಡು ಬರೋದಕ್ಕೆ ಪಿನ್ ಬೇಕಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ 'ಕಲೆಕ್ಟ್ ರಿಕ್ವೆಸ್ಟ್' ಸೌಲಭ್ಯ 2025ರ ಅಕ್ಟೋಬರ್‌ನಿಂದ ನಿಂತಿದೆ, ಕ್ಯೂಆರ್ ಮೋಸ ಮಾತ್ರ ನಿಂತಿಲ್ಲ.

ದುಡ್ಡಿನಷ್ಟೇ ಮುಖ್ಯ, ಹಿಂದೆ ಸಿ ಫಾರಂ ಅನ್ನುತ್ತಿದ್ದ ಫಾರಂ. ವಿದೇಶಿ ಬಂದ 24 ಗಂಟೆಯೊಳಗೆ ಜಾಗ ಕೊಟ್ಟವರು ಆನ್‌ಲೈನ್‌ನಲ್ಲಿ ಮಾಹಿತಿ ತುಂಬಬೇಕು. 2025ರ ಸೆಪ್ಟೆಂಬರ್ 1ರಿಂದ ಹಳೆಯ ವಿದೇಶಿಯರ ಕಾಯ್ದೆ ಹೋಗಿ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದ್ದರೂ ಈ ಜವಾಬ್ದಾರಿ ಹೋಗಿಲ್ಲ. ಪಾಸ್‌ಪೋರ್ಟ್, ವೀಸಾ ಪ್ರತಿ ಇಸಿದುಕೊಳ್ಳೋದು ಅದಕ್ಕೇ. ಹೆಸರು ಹೋಲಿಸಿ ನೋಡೋಕೂ ಅದೇ ಬೇಕು. ಒಳಬಾಡಿಗೆ ಕೊಡುವವರು ತಡವರಿಸೋದು ಇಲ್ಲೇ. ಫಾರಂ ತುಂಬಿದರೆ ಓನರ್‌ಗೆ ಗೊತ್ತಾಗುತ್ತೆ, ಬಿಟ್ಟರೆ ಕಾನೂನು ಮೀರಿದಂತೆ. ಒಳಬಾಡಿಗೆಗೆ ಕೊಡಬಾರದು ಅಂತ ಅಗ್ರಿಮೆಂಟಿನಲ್ಲಿ ಸಾಮಾನ್ಯವಾಗಿ ಬರೆದೇ ಇರುತ್ತೆ. ಅದನ್ನು ಮುಚ್ಚಿಟ್ಟು ಕೊಟ್ಟವರ ಖಾತೆಗೆ ತಡೆ ಬಿದ್ದರೆ, ಠಾಣೆಗೆ ತೋರಿಸಲು ಅವರ ಬಳಿ ಒಂದು ಕರಾರೂ ಇರಲ್ಲ. ಓನರ್ ಹತ್ತಿರ ಮೊದಲೇ ಒಂದು ಸಾಲು ಒಪ್ಪಿಗೆ ಬರೆಸಿಕೊಳ್ಳೋದು ಇದಕ್ಕಿಂತ ಸುಲಭ.

ಕೊನೆಗೆ ಅಡ್ವಾನ್ಸ್ ವಿಚಾರ. ಬಾಡಿಗೆದಾರ ಊರಿಗೆ ಹೊರಟ ಮೇಲೆ ಅವರ ದೇಶದ ಖಾತೆಗೆ ಇಲ್ಲಿಂದ ದುಡ್ಡು ಕಳಿಸೋದು ಅಂದರೆ ಬ್ಯಾಂಕಿನಲ್ಲಿ ಬೇರೆಯದೇ ಅರ್ಜಿ, ಶುಲ್ಕ, ಓಡಾಟ. 'ಬೆಂಗಳೂರಲ್ಲಿರೋ ನನ್ನ ಫ್ರೆಂಡ್‌ಗೆ ಹಾಕಿಬಿಡಿ' ಅನ್ನೋ ಮಾತು ಮತ್ತೆ ಶುರುವಾಗೋದೂ ಆಗಲೇ. ಹಾಗಾಗಿ ಅಡ್ವಾನ್ಸನ್ನು ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಇಸಿದುಕೊಳ್ಳದೆ, ಕೊನೆಯ ತಿಂಗಳ ಬಾಡಿಗೆಗೆ ವಜಾ ಹಾಕಿಕೊಳ್ತೀವಿ ಅಂತ ಮೊದಲ ದಿನವೇ ಕರಾರಿನಲ್ಲಿ ಬರೆದುಕೊಂಡರೆ ಇಬ್ಬರಿಗೂ ಅನುಕೂಲ.