ಹಲ್ಲು ಕೀಳಿಸೋದು ಅವರ ಚಾಯ್ಸಾ?

ಯಾರದ್ದಾದ್ರೂ ಹಲ್ಲು ಹುಳುಕಾದ್ರೆ ನಾವು ಹೇಳೋದು ಒಂದೇ ಮಾತು: "ಸರಿಯಾಗಿ ಬ್ರಷ್ ಮಾಡಿಲ್ಲ." ಬ್ರಷ್ ಮಾಡೋದು ಮುಖ್ಯ, ನಿಜ. ಆದರೆ ಹುಳುಕು ಹಲ್ಲು ಉಳಿಯುತ್ತೋ ಇಲ್ವೋ ಅನ್ನೋದನ್ನ ತೀರ್ಮಾನ ಮಾಡೋದು ಜೇಬು ಮತ್ತು ರಜೆ.

ಹುಳುಕು ಚಿಕ್ಕದಿದ್ದಾಗ ಒಂದು ಫಿಲ್ಲಿಂಗ್ ಸಾಕು. ನರದವರೆಗೆ ಹೋದ್ರೆ ರೂಟ್ ಕೆನಾಲ್, ಮೇಲೊಂದು ಕ್ಯಾಪ್, ಸಾವಿರಾರು ರೂಪಾಯಿ. ನಮಗಾದ್ರೆ ಅಪ್ಪ ಅಮ್ಮ ಕೊಡ್ತಾರೆ. ನಮ್ಮ ಮೆಸ್‌ನಲ್ಲಿ ಪಾತ್ರೆ ತೊಳೆಯೋ ಅಕ್ಕಂದಿರಿಗೆ? ರೂಟ್ ಕೆನಾಲ್‌ಗೆ ಎರಡು-ಮೂರು ಸಲ ಹೋಗಬೇಕಾಗುತ್ತೆ. ಹೋದಷ್ಟು ದಿನದ ಕೂಲಿಯೂ ಹೋಯ್ತು. ಕೀಳಿಸೋಕೆ ಒಂದೇ ದಿನ, ಖರ್ಚೂ ಕಡಿಮೆ. ಹಾಗಾಗಿ ನೋವಿನ ಮಾತ್ರೆ ನುಂಗಿ ದಿನ ತಳ್ಳಿ, ಕೊನೆಗೆ ಕೀಳಿಸಿಬಿಡ್ತಾರೆ. ಹಳ್ಳಿಯಲ್ಲಿ ಇನ್ನೂ ಕಷ್ಟ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಾಮಾನ್ಯವಾಗಿ ದಂತವೈದ್ಯರೇ ಇರಲ್ಲ, ತಾಲ್ಲೂಕು ಆಸ್ಪತ್ರೆಗೆ ಬಸ್ ಹತ್ತಬೇಕು.

ಕಡಲೆ ಇದ್ದವರಿಗೆ ಹಲ್ಲಿಲ್ಲ ಅಂತ ಗಾದೆ ಇದೆ. ನಿಜವಾಗಿ ನೋಡಿದ್ರೆ ಕಡಲೆ ಇಲ್ಲದವರಿಗೇ ಹಲ್ಲೂ ಇಲ್ಲ.

ನಮ್ಮ ರಾಜ್ಯ ಸರ್ಕಾರ ದಂತ ಭಾಗ್ಯ ಯೋಜನೆಯಲ್ಲಿ ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುತ್ತೆ. ಒಳ್ಳೆಯ ಯೋಜನೆಯೇ. ಆದರೆ ಅದು ಹಲ್ಲು ಹೋದ ಮೇಲಿನ ಮಾತು. ಇರೋ ಹಲ್ಲನ್ನ ಉಳಿಸೋರು ಯಾರು?

ಕಾಲೇಜಿನ ಮುಂದೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ದಂತ ತಪಾಸಣೆ ಶಿಬಿರ ಮಾಡಿ, ಪೇಸ್ಟ್ ಹಂಚಿ, ಫೋಟೋ ತೆಗೆಸಿಕೊಂಡರೆ ಸಾಲದು. ಮೆಸ್, ಹೌಸ್‌ಕೀಪಿಂಗ್, ಸೆಕ್ಯುರಿಟಿಯವರಿಗೆ ಚಿಕಿತ್ಸೆಯ ದಿನ ಸಂಬಳ ಸಮೇತ ರಜೆ ಕೊಡಿ. ಹುಳುಕು ಚಿಕ್ಕದಿದ್ದಾಗಲೇ ಅವರು ಡಾಕ್ಟರ್ ಹತ್ರ ಹೋಗುವಂತಾಗಲಿ.